ಬ್ಲೂಬೆಲ್ ರೈಲ್ವೆ: ಎಂಜಿನ್ ಮಾತ್ರ ನೋಡಿ ವಾಪಸ್ ಬರಬೇಡಿ

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಲಂಡನ್ ಎಲ್ಲಾ ಸುತ್ತಿ ಆಯಿತು, ಇನ್ನೆಲ್ಲಿಗೆ ಕರೆದುಕೊಂಡು ಹೋಗಲಿ ಎಂದು ಯಾರಾದರೂ ಕೇಳಿದರೆ ನಾನು ಈಗ ಮೊದಲು ಹೇಳುವ ಹೆಸರು ಬ್ಲೂಬೆಲ್ ರೈಲ್ವೆ. ಹಳೇ ಉಗಿ ರೈಲುಗಳನ್ನು ಉಳಿಸಿಕೊಂಡು ಇವತ್ತಿಗೂ ಓಡಿಸುವ ಲೈನ್ ಇದು, ಇಂಗ್ಲೆಂಡಿನ ಸಸೆಕ್ಸ್‌ನಲ್ಲಿದೆ. ಲಂಡನ್ನಿನಿಂದ ಈಸ್ಟ್ ಗ್ರಿನ್‌ಸ್ಟೆಡ್‌ಗೆ ಮಾಮೂಲಿ ರೈಲಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ. ಇಳಿದರೆ ಪಕ್ಕದಲ್ಲೇ ಇವರ ಪ್ಲಾಟ್‌ಫಾರ್ಮ್. ಅಲ್ಲಿಂದ ಷೆಫೀಲ್ಡ್ ಪಾರ್ಕ್‌ವರೆಗೆ 11 ಮೈಲಿ ಉಗಿ ರೈಲು, ಸುಮಾರು 40 ನಿಮಿಷ. ಷೆಫೀಲ್ಡ್ ಪಾರ್ಕ್ ಅಂದರೆ ಉತ್ತರದ ಷೆಫೀಲ್ಡ್ ನಗರ ಅಲ್ಲ, ಮ್ಯಾಪಿನಲ್ಲಿ ಹುಡುಕುವಾಗ ನೋಡಿಕೊಳ್ಳಿ.

ಬಂದವರೆಲ್ಲ ಓಡುವುದು ಎಂಜಿನ್ ಕಡೆಗೆ. ಹೊಗೆ, ಸಿಳ್ಳೆ, ಕಲ್ಲಿದ್ದಲಿನ ವಾಸನೆ, ಮಕ್ಕಳನ್ನು ನಿಲ್ಲಿಸಿ ಒಂದು ಫೋಟೋ. ಅದು ಚೆನ್ನಾಗಿಯೇ ಇದೆ. ಆದರೆ ನೀವು ಆ 40 ನಿಮಿಷ ಕೂರುವುದು ಎಂಜಿನ್ನಿನಲ್ಲಿ ಅಲ್ಲ, ಬೋಗಿಯಲ್ಲಿ. ಅಲ್ವಾ? ಆ ಬೋಗಿಗಳ ಹಿಂದೆ ಎಷ್ಟು ಜನರ ಎಷ್ಟು ವರ್ಷದ ಕೆಲಸ ಇದೆ ಎಂದು ನನಗೆ ಗೊತ್ತಾಗಿದ್ದು ಅಪ್ಪನ ಜೊತೆ ಹೋದಾಗ. ಅಪ್ಪ ಮೈಸೂರಿನ ಅಶೋಕಪುರಂ ರೈಲ್ವೆ ವರ್ಕ್‌ಶಾಪಿನಲ್ಲಿ ಬಡಗಿಯಾಗಿದ್ದವರು. ಅವರು ಎಂಜಿನ್ ಹತ್ತಿರ ಎರಡು ನಿಮಿಷ ನಿಂತರು. ಆಮೇಲೆ ಬೋಗಿಯ ಬಾಗಿಲ ಹತ್ತಿರ ಹೋಗಿ, ಕನ್ನಡಕ ಹಾಕಿಕೊಂಡು, ಚೌಕಟ್ಟಿನ ಮೂಲೆಗೆ ಮುಖ ಇಟ್ಟರು. "ನೋಡಮ್ಮ, ಇದು ತೇಗ. ಈ ತುಂಡು ಹಳೆಯದು, ಇದು ಹೊಸದು. ಜೋಡಿಸಿದ ಜಾಗ ಎಲ್ಲಿದೆ ಹೇಳು ನೋಡೋಣ" ಎಂದರು. ನನಗೆ ಕಾಣಲೇ ಇಲ್ಲ.

ಅವತ್ತು ನಮ್ಮ ಅದೃಷ್ಟಕ್ಕೆ ಮೆಟ್ರೊಪಾಲಿಟನ್ ರೈಲ್ವೆಯ ಹಳೇ ಬೋಗಿಗಳನ್ನು ಓಡಿಸುತ್ತಿದ್ದರು. ಎಲ್ಲಾ ದಿನ ಇರುವುದಿಲ್ಲ. 1898ರಿಂದ 1900ರ ನಡುವೆ ಕಟ್ಟಿದ ಬೋಗಿಗಳು ಇವು. ಲಂಡನ್ ಅಂಡರ್‌ಗ್ರೌಂಡಿನವು, ನಡುವೆ ಕರೆಂಟ್ ರೈಲಾಗಿಯೂ ಓಡಿ, ಕೊನೆಗೆ ಚೆಶಮ್ ಎಂಬ ಚಿಕ್ಕ ಊರಿನ ಲೈನಿನಲ್ಲಿ 1960ರವರೆಗೆ ದುಡಿದವು. ಮರುವರ್ಷ ನಾಲ್ಕು ಬೋಗಿ ಬ್ಲೂಬೆಲ್‌ಗೆ ಬಂದವು. 2013ರ ಜನವರಿಯಲ್ಲಿ ಅಂಡರ್‌ಗ್ರೌಂಡಿಗೆ 150 ವರ್ಷ ತುಂಬಿದಾಗ ಇದೇ ಬೋಗಿಗಳು ಲಂಡನ್ನಿನ ಸುರಂಗಕ್ಕೆ ಮತ್ತೆ ಹೋಗಿ, ಉಗಿ ಎಂಜಿನ್ನಿನ ಹಿಂದೆ ಜನರನ್ನು ಕೂರಿಸಿಕೊಂಡು ಓಡಿದವು. ಸುಮ್ನೆ ಮ್ಯೂಸಿಯಂನಲ್ಲಿ ನಿಲ್ಲಿಸಿದ ಬೋಗಿಗೆ ಇದು ಸಾಧ್ಯವೇ ಇಲ್ಲ. ಮೈಸೂರಿನ ರೈಲ್ವೆ ಮ್ಯೂಸಿಯಂನಲ್ಲಿ ಮಹಾರಾಣಿಯವರ 1899ರ ಸಲೂನ್ ಬೋಗಿ ಇದೆ, ಚಿಕ್ಕಂದಿನಲ್ಲಿ ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಟ್ಟಿಲ್ಲ. ಅದೇ ಕಾಲದ ಬೋಗಿಯೊಂದು ಕಾಲಡಿಯಲ್ಲಿ ಅಲುಗಾಡುತ್ತಾ ಓಡಿದಾಗ ಆಗುವ ಖುಷಿಯೇ ಬೇರೆ.

ಒಳಗೆ ಕೂತರೆ ಎದುರುಬದುರು ಎರಡು ಉದ್ದ ಸೀಟು, ಅಷ್ಟೇ ಒಂದು ಕೋಣೆ. ಓಡಾಡಲು ನಡುವೆ ದಾರಿ ಇಲ್ಲ, ಹಾಗಾಗಿ ಟಾಯ್ಲೆಟ್ಟೂ ಇಲ್ಲ, ಹತ್ತುವ ಮೊದಲೇ ಮುಗಿಸಿಕೊಳ್ಳಿ. ಕಿಟಕಿ ಇಳಿಸಲು ತೂತುಗಳಿರುವ ಚರ್ಮದ ಪಟ್ಟಿ, ನಮ್ಮ ಸೊಂಟದ ಬೆಲ್ಟಿನ ಹಾಗೆ. ಎಷ್ಟು ಇಳಿಸಬೇಕೋ ಅಷ್ಟಕ್ಕೆ ತೂತು ನೋಡಿ ಹಿತ್ತಾಳೆ ಗುಬುಟಿಗೆ ಸಿಕ್ಕಿಸಬೇಕು. ಮಕ್ಕಳು ಇದರಲ್ಲೇ ಅರ್ಧ ದಾರಿ ಕಳೆಯುತ್ತಾರೆ. ಮೆಟ್ಟಿಲು ಎತ್ತರ, ಮಂಡಿ ನೋವಿದ್ದವರ ಕೈ ಹಿಡಿದುಕೊಳ್ಳಿ.

ಈಗ ಮುಖ್ಯ ವಿಷಯ. ದಾರಿಯ ನಡುವೆ ಸಿಗುವ ಹಾರ್ಸ್ಟೆಡ್ ಕೇನ್ಸ್ ಸ್ಟೇಷನ್ನಿನಲ್ಲಿ ಇಳಿಯಲೇಬೇಕು. ಇಲ್ಲೇ ಬೋಗಿಗಳ ವರ್ಕ್‌ಶಾಪ್ ಇರುವುದು, ಮೇಲಿನಿಂದ ನಿಂತು ನೋಡಲು ಜಾಗವನ್ನೂ ಮಾಡಿದ್ದಾರೆ. ಕೆಲಸ ಮಾಡುವವರಲ್ಲಿ ಸಂಬಳಕ್ಕಿರುವವರೂ ಇದ್ದಾರೆ, ಆದರೆ ಸ್ವಯಂಸೇವಕರಿಲ್ಲದಿದ್ದರೆ ಈ ರೈಲ್ವೆಯೇ ಇರುತ್ತಿರಲಿಲ್ಲ. 1960ರ ಆಗಸ್ಟ್ 7ರಂದು ಇವರ ಮೊದಲ ರೈಲು ಹೊರಟಿದ್ದೇ ಸ್ವಯಂಸೇವಕರ ಕೈಯಿಂದ.

ನಾವು ನೋಡುವಾಗ ಕೆಳಗೆ ಒಂದು ಬೋಗಿ ಅರ್ಧ ಬಿಚ್ಚಿ ನಿಂತಿತ್ತು, ಒಂದು ಪಕ್ಕಕ್ಕೆ ಬರೀ ಎಲುಬಿನ ಹಾಗೆ ಮರದ ಚೌಕಟ್ಟು. ಎಪ್ಪತ್ತು ದಾಟಿದ ಒಬ್ಬ ಹಿರಿಯರು ಚಹಾ ಲೋಟ ಹಿಡಿದು ಮೇಲೆ ಬಂದಿದ್ದರು, ಅಪ್ಪ ಏನು ಕೆಲಸ ಮಾಡುತ್ತಿದ್ದರು ಎಂದು ನಾನು ಹೇಳಿದೆನೋ ಇಲ್ಲವೋ, ಅವರ ಚಹಾ ಆರಿಹೋಗುವಷ್ಟು ಮಾತು ನಡೆಯಿತು. ನಾನು ನಡುವೆ ನಿಂತು ಅನುವಾದ ಮಾಡುತ್ತಿದ್ದೆ, ಸ್ವಲ್ಪ ಹೊತ್ತಿನ ಮೇಲೆ ಅದೂ ಬೇಕಾಗಲಿಲ್ಲ, ಇಬ್ಬರೂ ಕೈಯಲ್ಲೇ ಕೀಲು, ಕಚ್ಚು, ಜೋಡಣೆ ಎಲ್ಲಾ ತೋರಿಸಿಕೊಳ್ಳುತ್ತಿದ್ದರು.

ಆ ಮಾತಿನಲ್ಲಿ ನಾನು ಕಲಿತಿದ್ದು ಇಷ್ಟು. ಇಲ್ಲಿ ಹಿಂದೆ ಹಳೇ ಬೋಗಿಗಳನ್ನು ರೈಲ್ವೆಯವರು ತೆಗೆದುಹಾಕುವಾಗ ಚಕ್ರ, ಚಾಸಿ ಬಿಚ್ಚಿಕೊಂಡು ಮೇಲಿನ ಮರದ ಡಬ್ಬಿಯನ್ನು ಜನರಿಗೆ ಮಾರುತ್ತಿದ್ದರು. ಜನ ಅದನ್ನು ತೋಟದ ಮನೆ ಮಾಡಿಕೊಂಡರು, ಕೋಳಿ ಗೂಡು ಮಾಡಿಕೊಂಡರು. ಇದೇ ಸಸೆಕ್ಸಿನ ಶೋರಮ್ ಕಡಲ ತೀರದಲ್ಲಿ ಇಂಥ ಡಬ್ಬಿಗಳಿಂದಲೇ ಒಂದು ಬಂಗಲೆಗಳ ಊರು ಎದ್ದಿತ್ತು. ಸುತ್ತ ಗೋಡೆ, ಮೇಲೆ ಇನ್ನೊಂದು ಸೂರು ಹಾಕಿಕೊಂಡಿದ್ದ ಕಡೆ ಒಳಗಿನ ಮರ ಮಳೆ ಕಾಣದೆ ಹಾಗೇ ಉಳಿದಿದೆ. ಅಂಥ ಡಬ್ಬಿ ಸಿಕ್ಕರೆ ಎತ್ತಿಕೊಂಡು ಬಂದು, ಬೇರೆ ಯಾವುದೋ ಗಾಡಿಯ ಚಾಸಿಯನ್ನು ಅಳತೆಗೆ ಸರಿಮಾಡಿ ಅದರ ಮೇಲೆ ಕೂರಿಸುತ್ತಾರೆ. ಕೊಳೆಯುವುದು ಜಾಸ್ತಿ ಬುಡದ ತೊಲೆ. ಅಷ್ಟನ್ನು ಮಾತ್ರ ಕೊಯ್ದು ಹೊಸ ಮರ ಓರೆಯಾಗಿ ಕಚ್ಚಿಸುತ್ತಾರೆ, ಚೆನ್ನಾಗಿರುವ ಹಳೇ ಮರವನ್ನು ಬಿಸಾಡುವುದಿಲ್ಲ. ಸೂರಿಗೆ ಹಲಗೆ, ಅದರ ಮೇಲೆ ದಪ್ಪ ಬಣ್ಣದಲ್ಲಿ ಕ್ಯಾನ್ವಾಸ್ ಎಳೆದು ಅಂಟಿಸುವುದು. ಆಮೇಲೆ ಬಣ್ಣ, ಉಪ್ಪುಕಾಗದ, ಬಣ್ಣ, ಉಪ್ಪುಕಾಗದ, ಕೊನೆಗೆ ಕೈಯಲ್ಲೇ ಬರೆಯುವ ಅಕ್ಷರ, ಅದರ ಮೇಲೆ ವಾರ್ನಿಷ್. ಸೀಟಿನ ಬಟ್ಟೆ ಹೊಲಿಯುವವರು ಬೇರೆ. ಒಂದು ಬೋಗಿಗೆ ವರ್ಷಗಳೇ ಹಿಡಿಯುತ್ತವೆ. ಮುಗಿಯಿತು ಅನ್ನುವ ಹಾಗೂ ಇಲ್ಲ: ಮಳೆ ಬಿದ್ದರೆ ಸೂರು ಸೋರುತ್ತದೆ, ಬಿಸಿಲಿಗೆ ವಾರ್ನಿಷ್ ಏಳುತ್ತದೆ, ಬಾಗಿಲು ಉಬ್ಬುತ್ತದೆ, ಬ್ರೇಕ್ ಮತ್ತೆ ಮತ್ತೆ ಪರೀಕ್ಷಿಸಬೇಕು. ಅದಕ್ಕೇ ಬೋಗಿಗಳನ್ನು ನಿಲ್ಲಿಸಲು ಇಲ್ಲೇ ದೊಡ್ಡ ಶೆಡ್ ಕಟ್ಟಿದ್ದಾರೆ, ಇಲ್ಲಿನ ರಾಷ್ಟ್ರೀಯ ಲಾಟರಿಯ ಹಣದಿಂದ ಇಂಥ ಹಳೇ ಆಸ್ತಿ ಉಳಿಸುವ ಕೆಲಸಗಳಿಗೆ ಕೊಡುವ ನಿಧಿಯ ಹಣವೂ ಅದಕ್ಕೆ ಬಂದಿದೆ. ನನ್ನ ಪ್ರಕಾರ ಈ ಶೆಡ್ಡು ಒಂದು ಹೊಸ ಎಂಜಿನ್ ತರುವುದಕ್ಕಿಂತ ದೊಡ್ಡ ಕೆಲಸ.

ಸ್ಟೇಷನ್‌ಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಷೆಫೀಲ್ಡ್ ಪಾರ್ಕ್ ವಿಕ್ಟೋರಿಯಾ ಕಾಲದ ಹಾಗೆ, ಕಿಂಗ್ಸ್‌ಕೋಟ್ 1950ರ ದಶಕದ ಹಾಗೆ ಇಟ್ಟಿದ್ದಾರೆ, ಎರಡೂ ಚೆಂದ.

ಹೋಗುವವರಿಗೆ ಎರಡು ಮಾತು. ರೈಲು ವರ್ಷದ ಎಲ್ಲಾ ದಿನ ಓಡುವುದಿಲ್ಲ, ವೇಳಾಪಟ್ಟಿ ನೋಡಿಯೇ ಹೊರಡಿ. ಹಾರ್ಸ್ಟೆಡ್ ಕೇನ್ಸ್‌ಗೆ ಕಡಿಮೆ ಎಂದರೂ ಒಂದೂವರೆ ಗಂಟೆ ಕೊಡಿ, ಕೆಲಸದವರು ಬಿಡುವಾಗಿದ್ದರೆ ಮಾತಾಡಿಸಿ. ಕೇಳಿದರೆ ಅವರಿಗೆ ಎಷ್ಟು ಖುಷಿಯಾಗುತ್ತದೆ ಎಂದು ಮುಖದಲ್ಲೇ ಕಾಣುತ್ತದೆ.

ಬ್ಲೂಬೆಲ್ ಹೂ ಬಿಡುವ ಕಾಲಕ್ಕೆ ನಾನು ಮತ್ತೆ ಹೋಗುತ್ತಿದ್ದೇನೆ. ಅಪ್ಪ ಮೈಸೂರಿಂದ ಫೋನ್ ಮಾಡಿ ಒಂದೇ ಒಂದು ಫೋಟೋ ಕೇಳಿದ್ದಾರೆ, ಆ ಬಾಗಿಲ ಮೂಲೆಯ ಜೋಡಣೆಯದ್ದು, ಹತ್ತಿರದಿಂದ, ಬೆಳಕು ಪಕ್ಕದಿಂದ ಬೀಳುವ ಹಾಗೆ.