‘ಮಿನಿಮಮ್’ ಅಂತ ಬರೆಯುವ ಮುಂಚೆ ಹಳೇ ಕಂಪ್ಯೂಟರ್‌ನಲ್ಲಿ ಆಡಿಸಿ ನೋಡಿ

ಮಂಗಳೂರು, ಉಡುಪಿ ಕಡೆ ಮೊದಲ ಗೇಮ್ ಬಿಡುಗಡೆ ಮಾಡಲು ಹೊರಟಿರುವ ಸಣ್ಣ ತಂಡಗಳಿಗೆ ಇದನ್ನು ಬರೆಯುತ್ತಿದ್ದೇನೆ. ಸ್ಟೋರ್ ಪುಟದಲ್ಲಿ ಗೇಮ್ ಓಡಲು ಕನಿಷ್ಠ ಎಂಥ ಕಂಪ್ಯೂಟರ್ ಬೇಕು ಎಂದು ಹೇಳುವ ‘ಮಿನಿಮಮ್ ಸಿಸ್ಟಮ್’ ಅಂತ ಒಂದು ಜಾಗ ಇರುತ್ತದಲ್ವಾ, ಅದನ್ನು ದಯವಿಟ್ಟು ಅಂದಾಜಿನ ಮೇಲೆ ತುಂಬಬೇಡಿ. ಹಾಗೆ ತುಂಬಿದ ಒಂದು ಒಳ್ಳೆಯ ಗೇಮ್ ಕಣ್ಣೆದುರೇ ಹಾಳಾದದ್ದನ್ನು ನೋಡಿದ್ದೇನೆ.

ಮಂಗಳೂರಿನ ಒಂದು ತಂಡ ಕಂಬಳದ ಗೇಮ್ ಮಾಡಿತು. ಹೆಸರು ಬೇಡ. ಧ್ವನಿ ಮತ್ತು ಕನ್ನಡ, ತುಳು ಮಾತುಗಳ ಕೆಲಸ ನನ್ನದಾಗಿತ್ತು. ಜೋಡುಕರೆ (ಅಕ್ಕಪಕ್ಕದ ಎರಡು ಓಟದ ಗದ್ದೆ), ರಾತ್ರಿಯ ಲೈಟು, ಎರಡೂ ಬದಿ ಕೂಗುವ ಜನ, ಕೋಣಗಳ ಕಾಲಿಗೆ ಸಿಕ್ಕಿ ಚಿಮ್ಮುವ ಕೆಸರು ನೀರು, ಎಲ್ಲವೂ ಮನಸ್ಸಿಟ್ಟು ಮಾಡಿದ್ದವು. ಗೇಮ್ ಸ್ಟೀಮ್‌ ಎಂಬ ಆನ್‌ಲೈನ್ ಗೇಮ್ ಅಂಗಡಿಗೆ ಬಂತು. ಪುಟದಲ್ಲಿ ಬರೆದದ್ದು ಇಷ್ಟು: ವಿಂಡೋಸ್ 7, ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್, ಇಂಟೆಲ್ ಎಚ್‌ಡಿ ಗ್ರಾಫಿಕ್ಸ್.

ಇಂಥ ಒಂದು ಮಷಿನ್ ಕೂಡ ಅವರ ಆಫೀಸಿನಲ್ಲಿ ಇರಲಿಲ್ಲ. ಎಲ್ಲರ ಮೇಜಿನ ಮೇಲೂ ಆರ್‌ಟಿಎಕ್ಸ್ ಎಂಬ ಶಕ್ತಿಶಾಲಿ ಗ್ರಾಫಿಕ್ಸ್ ಕಾರ್ಡ್ ಇರುವ ಕಂಪ್ಯೂಟರ್. ಆ ನಾಲ್ಕು ಸಾಲು ಬೇರೆ ಯಾವುದೋ ಗೇಮಿನ ಪುಟ ನೋಡಿ ಬರೆದದ್ದು. ಹಳೇ ಕಂಪ್ಯೂಟರ್‌ನಲ್ಲಿ ಓಡಿಸಿ ನೋಡಿದ್ದೀರಾ ಎಂದು ನಾನು ಕೇಳಿದ್ದೆ. ಸೆಟ್ಟಿಂಗ್ ಲೋ ಮಾಡಿದರೆ ಎಲ್ಲದರಲ್ಲೂ ಆಗುತ್ತದೆ ಎಂದರು.

ಇಂಥ ಗೇಮನ್ನು ಯಾರು ಕೊಳ್ಳುತ್ತಾರೆ ಹೇಳಿ? ಕಾರ್ಕಳ, ಮೂಡುಬಿದಿರೆ, ಬೆಳ್ತಂಗಡಿ, ಕುಂದಾಪುರದ ಕಂಬಳದ ಹುಚ್ಚಿನವರು. ಅವರಲ್ಲಿ ಹೆಚ್ಚಿನವರು ಗೇಮ್ ಆಡಲೆಂದೇ ಕಂಪ್ಯೂಟರ್ ಕೊಂಡವರಲ್ಲ. ಅಣ್ಣ ಡಿಗ್ರಿ ಓದುವಾಗ ಬಂದ ಲ್ಯಾಪ್‌ಟಾಪ್, ಅಂಗಡಿಯ ಬಿಲ್ಲಿಂಗ್ ಕಂಪ್ಯೂಟರ್, ಯಾವುದೋ ಆಫೀಸಿನಿಂದ ಸೆಕೆಂಡ್ ಹ್ಯಾಂಡ್ ತಂದದ್ದು. ಪುಟದಲ್ಲಿ ‘ಐ3, 4 ಜಿಬಿ’ ಎಂದು ಕಂಡಾಗ ನಮ್ಮದೂ ಅದೇ ಅಲ್ವಾ ಎಂದು ಖುಷಿಯಿಂದ ದುಡ್ಡು ಕೊಟ್ಟರು. ಕೋಣ ಸಾಕುವ ಮನೆಯ ಹುಡುಗನೊಬ್ಬ ನನಗೇ ಫೋನ್ ಮಾಡಿದ. ಐಕಾನ್ ಒತ್ತಿದರೆ ಕಪ್ಪು ಕಿಟಕಿ ಬಂದು ಹೋಗುತ್ತದೆ, ಮತ್ತೇನೂ ಇಲ್ಲ ಎಂದ. ಆಮೇಲೆ ಅಂಥ ದೂರುಗಳೇ ಬಂದವು.

ಒಬ್ಬೊಬ್ಬರದು ಒಂದೊಂದು ಕಾರಣ. ಅದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಗೇಮಿನಲ್ಲೂ ಇವೇ ಕಾಡುವುದು.

ಆ ಹುಡುಗನ ಕಂಪ್ಯೂಟರ್‌ನಲ್ಲಿ ಇದ್ದದ್ದು ಪೆಂಟಿಯಂ ಜಿ4400. 2015ರ ಚಿಪ್, ಅಷ್ಟೇನೂ ಹಳೆಯದಲ್ಲ. ಆದರೆ ಗೇಮಿನ ಚಲನೆಯ ಲೆಕ್ಕ ಮಾಡುವ ಫಿಸಿಕ್ಸ್ ಲೈಬ್ರರಿಯನ್ನು ಎವಿಎಕ್ಸ್2 (ಲೆಕ್ಕ ಬೇಗ ಮಾಡಲು ಕೆಲವು ಪ್ರೊಸೆಸರ್‌ಗಳಲ್ಲಿರುವ ಆದೇಶಗಳ ಗುಂಪು) ಬೇಕೇ ಬೇಕು ಎನ್ನುವಂತೆ ಬಿಲ್ಡ್ ಮಾಡಿದ್ದರು, ಅಂದರೆ ಕೋಡ್‌ನಿಂದ ಓಡುವ ಪ್ರೋಗ್ರಾಂ ತಯಾರಿಸಿದ್ದರು. ಇಂಟೆಲ್‌ನ ಐ3, ಐ5ಗಳಿಗೆ ಎವಿಎಕ್ಸ್2 ಬಂದದ್ದು 2013ರ ನಾಲ್ಕನೇ ತಲೆಮಾರಿನಲ್ಲಿ. ಅಗ್ಗದ ಪೆಂಟಿಯಂ, ಸೆಲೆರಾನ್‌ಗಳಿಗೆ ಆಮೇಲೂ ಹಲವು ವರ್ಷ ಕೊಡಲಿಲ್ಲ. ಹಾಗಾಗಿ 2013ರ ಐ3ಯಲ್ಲಿ ಓಡುವ ಗೇಮ್ 2015ರ ಪೆಂಟಿಯಂನಲ್ಲಿ ಸಾಯುತ್ತದೆ. ಮೂರನೇ ತಲೆಮಾರಿನ ಐ3ಯಲ್ಲೂ ಸಾಯುತ್ತದೆ, ಆದರೂ ಪುಟದಲ್ಲಿ ಬರೀ ‘ಐ3’ ಎಂದಿತ್ತು. ಬಿಲ್ಡ್ ಸೆಟ್ಟಿಂಗ್‌ನಲ್ಲಿ ಒಂದು ಆಯ್ಕೆ ಬದಲಿಸಿದ್ದರೆ ಸಾಕಿತ್ತು. ಅದೂ ಬೇಡ, ಶುರುವಿನಲ್ಲೇ ಚಿಪ್ ಪರೀಕ್ಷಿಸಿ ‘ಈ ಪ್ರೊಸೆಸರ್‌ನಲ್ಲಿ ಆಗುವುದಿಲ್ಲ’ ಎಂಬ ಒಂದು ಮಾತು ತೋರಿಸಿದ್ದರೂ ಜನ ಅಷ್ಟು ಒದ್ದಾಡುತ್ತಿರಲಿಲ್ಲ.

‘ಇಂಟೆಲ್ ಎಚ್‌ಡಿ ಗ್ರಾಫಿಕ್ಸ್’ ಎಂದು ಬರೆಯುವುದಂತೂ ಏನೂ ಬರೆಯದ ಹಾಗೆ. ಅದು ಪ್ರೊಸೆಸರ್ ಜೊತೆಗೇ ಬರುವ ಗ್ರಾಫಿಕ್ಸ್ ಚಿಪ್, 2010ರಿಂದ ಹಲವು ತಲೆಮಾರಿಗೆ ಇದೇ ಹೆಸರು. ಗೇಮ್ ಗ್ರಾಫಿಕ್ಸ್ ಚಿಪ್‌ಗೆ ಕೆಲಸ ಹೇಳುವುದು ವಿಂಡೋಸ್‌ನ ಡೈರೆಕ್ಟ್‌ಎಕ್ಸ್ ಮೂಲಕ. 2011ರ ಎಚ್‌ಡಿ 3000 ಡೈರೆಕ್ಟ್‌ಎಕ್ಸ್ 10.1ರ ತನಕ ಮಾತ್ರ. 2012ರ ಎಚ್‌ಡಿ 4000ಕ್ಕೆ 11 ಬಂತು. ನಮ್ಮ ಗೇಮಿಗೆ 11 ಬೇಕಿತ್ತು. ಎಚ್‌ಡಿ 3000 ಇದ್ದವರಿಗೆ ‘ಡೈರೆಕ್ಟ್‌ಎಕ್ಸ್ 11 ಬೇಕು’ ಎಂಬ ಸಂದೇಶ ಬಂತು. ಪಾಪ, ಅವರು ಮತ್ತೆ ಮತ್ತೆ ಡೈರೆಕ್ಟ್‌ಎಕ್ಸ್ ಡೌನ್‌ಲೋಡ್ ಮಾಡಿ ಹಾಕಿದರು. ಕೊರತೆ ಇದ್ದದ್ದು ಚಿಪ್‌ನಲ್ಲೇ, ಎಷ್ಟು ಹಾಕಿದರೂ ಆಗದು ಎಂದು ಅವರಿಗೆ ಹೇಳುವವರು ಯಾರು? ಗೊಡೋ ಎಂಬ ಗೇಮ್ ಎಂಜಿನ್ ಬಳಸುವವರು ಇನ್ನೊಂದು ವಿಷಯ ನೋಡಿಕೊಳ್ಳಿ. 2023ರಲ್ಲಿ ಗೊಡೋ 4 ಬಂದಾಗ ಅದರ ಡೀಫಾಲ್ಟ್ ವಲ್ಕನ್ ಆಗಿತ್ತು, ಇದೂ ಡೈರೆಕ್ಟ್‌ಎಕ್ಸ್‌ನಂಥದ್ದೇ ಇನ್ನೊಂದು ವ್ಯವಸ್ಥೆ. ವಿಂಡೋಸ್‌ನಲ್ಲಿ ಎಚ್‌ಡಿ 4000ಕ್ಕೆ ಇಂಟೆಲ್ ವಲ್ಕನ್ ಡ್ರೈವರ್ ಕೊಡಲಿಲ್ಲ. ಗೊಡೋದಲ್ಲೇ ಹಳೇ ಮಷಿನ್‌ಗಳಿಗೆಂದು ಇರುವ ಕಂಪ್ಯಾಟಿಬಿಲಿಟಿ ರೆಂಡರರ್‌ಗಾದರೆ ವಲ್ಕನ್‌ಗಿಂತ ಹಳೆಯ ಓಪನ್‌ಜಿಎಲ್ 3.3 ಸಾಕು. ಯಾವುದು ಎಂದು ಶುರುವಿನಲ್ಲೇ ತೀರ್ಮಾನಿಸಿ. ಲೈಟು, ಶೇಡರ್ ಎಲ್ಲ ಮಾಡಿ ಮುಗಿಸಿದ ಮೇಲೆ ಬದಲಿಸುವುದು ಬಹಳ ಕಷ್ಟ.

ಇನ್ನು ಗೇಮ್ ಓಪನ್ ಆದವರ ಕಥೆ. ಕಂಬಳದ ಕನೆಹಲಗೆ ವಿಭಾಗದಲ್ಲಿ ಕೋಣಗಳು ಎಳೆಯುವ ಹಲಗೆಯಿಂದ ನೀರು ಮೇಲಿನ ನಿಶಾನೆಗೆ ಚಿಮ್ಮಿತೋ ಇಲ್ಲವೋ ಎನ್ನುವುದೇ ಸ್ಪರ್ಧೆ. ಸರಿಯಾಗಿ ಆ ಹೊತ್ತಿಗೇ ಪರದೆ ನಿಂತು ನಿಂತು ಚಲಿಸುತ್ತಿತ್ತು. ಒಂದೊಂದು ಹನಿಯೂ ಅರೆಪಾರದರ್ಶಕ ಚಿತ್ರ. ಅವು ಒಂದರ ಮೇಲೊಂದು ಬಿದ್ದಾಗ ಗ್ರಾಫಿಕ್ಸ್ ಚಿಪ್ ಅದೇ ಪಿಕ್ಸೆಲ್‌ಗೆ ಪದರ ಪದರವಾಗಿ ಬಣ್ಣ ಬಳಿಯಬೇಕು. ಇಂಟೆಲ್ ಎಚ್‌ಡಿಯಂಥ ಗ್ರಾಫಿಕ್ಸ್ ಚಿಪ್‌ಗೆ ಸ್ವಂತ ಮೆಮೊರಿ ಇಲ್ಲ, ಪ್ರೊಸೆಸರ್ ಬಳಸುವ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಡಿಡಿಆರ್3 1600 ಎಂಬ ಬಗೆಯ ರ‍್ಯಾಮ್‌ನ ಒಂದೇ ಕಡ್ಡಿ ಹಾಕಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ 12.8 ಜಿಬಿ ಸಾಗುತ್ತದೆ. ಎರಡು ಕಡ್ಡಿ ಜೋಡಿಯಾಗಿದ್ದರೆ 25.6. ಅಗ್ಗದ ಮಷಿನ್‌ಗಳಲ್ಲಿ ಒಂದೇ ಕಡ್ಡಿ ಇರುವುದು ಜಾಸ್ತಿ. ಲೋ ಸೆಟ್ಟಿಂಗ್‌ನಲ್ಲಿ ನೆರಳು, ಮರಗಳು ಹೋಗುತ್ತಿದ್ದವು, ನೀರು ಹಾಗೇ ಉಳಿಯುತ್ತಿತ್ತು. ಹನಿ ಕಡಿಮೆ ಮಾಡಿ, ಆ ಪದರವನ್ನು ಅರ್ಧ ರೆಸಲ್ಯೂಶನ್‌ನಲ್ಲಿ ಬರೆದಿದ್ದರೆ ನೋಡುವವರಿಗೆ ದೊಡ್ಡ ವ್ಯತ್ಯಾಸ ಕಾಣುತ್ತಿರಲಿಲ್ಲ.

ಮೆಮೊರಿಯದೂ ಅದೇ ಪಾಡು. ಕೋಣದ ಮೈಗೆ ಹೊದಿಸಿದ ಚಿತ್ರ, ಅಂದರೆ ಟೆಕ್ಸ್ಚರ್, 4096×4096 ಪಿಕ್ಸೆಲ್, ಅದೂ ಕಂಪ್ರೆಸ್ ಮಾಡದೆ. ಒಂದಕ್ಕೇ 64 ಎಂಬಿ. ಅಳತೆ ಅರ್ಧಕ್ಕಿಳಿಸಿ ಬಿಸಿ3 (BC3) ಎಂಬ ಕಂಪ್ರೆಶನ್ ಹಾಕಿದರೆ 4 ಎಂಬಿ. 1366×768ರ ಲ್ಯಾಪ್‌ಟಾಪ್ ಪರದೆಯಲ್ಲಿ ಆ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ಧ್ವನಿಯನ್ನು ಸ್ಟ್ರೀಮಿಂಗ್‌ನಲ್ಲಿ ಇಡಿ, ಅಂದರೆ ಆಗಾಗ ಬೇಕಾದಷ್ಟನ್ನೇ ಡಿಸ್ಕ್‌ನಿಂದ ಓದಿ ಎಂದು ಬರೆದೇ ಕೊಟ್ಟಿದ್ದೆ. ಆದರೂ ಜನರ ಗದ್ದಲದ ಉದ್ದನೆಯ ಫೈಲ್‌ಗಳನ್ನೆಲ್ಲ ಬಿಚ್ಚಿ ರ‍್ಯಾಮ್‌ಗೆ ತುಂಬಿಸಿದ್ದರು. ಸಿಡಿ ಗುಣಮಟ್ಟದ ಸ್ಟೀರಿಯೊ ಹಾಗೆ ಬಿಚ್ಚಿದರೆ ನಿಮಿಷಕ್ಕೆ ಸುಮಾರು 10 ಎಂಬಿ. 4 ಜಿಬಿಯಲ್ಲಿ ವಿಂಡೋಸ್, ಸ್ಟೀಮ್, ಗ್ರಾಫಿಕ್ಸ್ ಪಾಲು ಹೋಗಿ ಉಳಿಯುವುದು ಎಷ್ಟು?

ವಿಂಡೋಸ್ 7 ಎಂಬ ಸಾಲಿಗೆ ಅರ್ಥವೇ ಇರಲಿಲ್ಲ. 2024ರ ಜನವರಿ 1ರಿಂದ ಸ್ಟೀಮ್ ಆ್ಯಪ್‌ಗೇ ವಿಂಡೋಸ್ 7, 8ರಲ್ಲಿ ಬೆಂಬಲ ಇಲ್ಲ.

ದುಡ್ಡು ವಾಪಸ್ ಕೇಳಿದವರು ಕೇಳಿದರು. ಬೈದು ಬರೆದವರು ಬರೆದರು. ತಂಡ ಕೊನೆಗೆ ‘ಹಳೇ ಕಂಪ್ಯೂಟರ್‌ಗಳಿಗೆ ನಾವು ಜವಾಬ್ದಾರರಲ್ಲ’ ಎಂದು ಉತ್ತರಿಸಿತು. ನನಗೆ ಹೆಚ್ಚು ನೋವಾದದ್ದು ಇದರಿಂದ. ಹಳೇ ಕಂಪ್ಯೂಟರ್ ಬೇಡ ಎನ್ನುವ ಹಕ್ಕು ನಿಮಗಿದೆ, 2011ರ ಚಿಪ್‌ಗೆ ಈಗಲೂ ಗೇಮ್ ಮಾಡಿ ಎಂದು ಯಾರೂ ಕೇಳುವುದಿಲ್ಲ. ಆದರೆ ಅದನ್ನು ದುಡ್ಡು ತೆಗೆದುಕೊಳ್ಳುವ ಮುಂಚೆ ಹೇಳಬೇಕು. ಸ್ಟೀಮ್‌ನ ಹಾರ್ಡ್‌ವೇರ್ ಸರ್ವೆ ತೋರಿಸಿ ‘ಈಗ ಎಲ್ಲರ ಹತ್ತಿರ ಒಳ್ಳೆ ಕಾರ್ಡ್ ಇದೆ’ ಎಂದು ಅವರು ವಾದಿಸಿದರು. ಅದು ಲೋಕದ ಗೇಮರ್‌ಗಳ ಲೆಕ್ಕ. ಬೆಳ್ತಂಗಡಿಯ ಕಂಬಳಪ್ರೇಮಿಯ ಮನೆಯ ಲೆಕ್ಕ ಅದರಲ್ಲಿ ಸಿಗುವುದಿಲ್ಲ.

ಹಾಗಾಗಿ ಒಂದು ಹಳೇ ಮಷಿನ್ ತಂದು ಆಫೀಸಿನಲ್ಲಿ ಇಡಿ. ಸಾಧಾರಣ ಹಾರ್ಡ್ ಡಿಸ್ಕ್, ಒಂದೇ ರ‍್ಯಾಮ್ ಕಡ್ಡಿ ಇರುವಂಥದ್ದು. ಪ್ರತಿ ವಾರದ ಬಿಲ್ಡ್ ಅದರಲ್ಲಿ ಓಡಲಿ. ಹೊಸ ಮಷಿನ್‌ನಲ್ಲೇ ರ‍್ಯಾಮ್ ಮಿತಿಗೊಳಿಸಿ ನೋಡುವುದು, ವರ್ಚುವಲ್ ಮಷಿನ್‌ನಲ್ಲಿ ನೋಡುವುದು ಇದಕ್ಕೆ ಸಮ ಅಲ್ಲ. ಗ್ರಾಫಿಕ್ಸ್ ಚಿಪ್, ಡ್ರೈವರ್, ಮೆಮೊರಿಯ ವೇಗ ಯಾವುದೂ ಹಳೆಯದರಂತೆ ಆಗುವುದಿಲ್ಲ. ಬೇಸಿಗೆಯ ಮಧ್ಯಾಹ್ನ ಎಸಿ ಇಲ್ಲದ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟು ಅರ್ಧ ಗಂಟೆ ಆಡಿಸಿ. ನಮ್ಮ ಕರಾವಳಿಯ ಸೆಕೆಯಲ್ಲಿ ಚಿಪ್ ಬಿಸಿಯಾಗಿ ವೇಗ ಇಳಿಸಿಕೊಂಡರೆ ಮೊದಲ ಐದು ನಿಮಿಷದ ಫ್ರೇಮ್ ರೇಟ್ ಉಳಿಯುವುದಿಲ್ಲ. ಆಮೇಲೆ ಆ ಮಷಿನ್‌ನ ಪ್ರೊಸೆಸರ್, ಗ್ರಾಫಿಕ್ಸ್‌ನ ಪೂರ್ತಿ ಹೆಸರನ್ನೇ ಪುಟದಲ್ಲಿ ಬರೆಯಿರಿ. ಯಾವ ರೆಸಲ್ಯೂಶನ್‌ನಲ್ಲಿ ಎಷ್ಟು ಫ್ರೇಮ್ ಬರುತ್ತದೆ ಎನ್ನುವುದನ್ನೂ ಸೇರಿಸಿ. ಆಗದಿದ್ದರೆ ಮಿನಿಮಮ್ ಮೇಲಕ್ಕೇರಿಸಿ. ಮಾರಾಟ ಸ್ವಲ್ಪ ಕಡಿಮೆಯಾದೀತು, ಆಗಲಿ.

ಕೊಳ್ಳುವವರೂ ಒಂದು ಕೆಲಸ ಮಾಡಿ. ವಿಂಡೋಸ್ ಸರ್ಚ್‌ನಲ್ಲಿ ಡಿಎಕ್ಸ್‌ಡಯಾಗ್ (dxdiag) ತೆರೆದು ಡಿಸ್‌ಪ್ಲೇ ಟ್ಯಾಬ್‌ನಲ್ಲಿ ‘ಫೀಚರ್ ಲೆವೆಲ್ಸ್’ ಸಾಲು ನೋಡಿ. ನಿಮ್ಮ ಚಿಪ್‌ಗೆ ನಿಜವಾಗಿ ಎಷ್ಟರ ತನಕ ಡೈರೆಕ್ಟ್‌ಎಕ್ಸ್ ಆಗುತ್ತದೆ ಎನ್ನುವುದು ಅಲ್ಲಿದೆ. ಮೊದಲ ಟ್ಯಾಬ್‌ನಲ್ಲಿ ಕಾಣುವ ಡೈರೆಕ್ಟ್‌ಎಕ್ಸ್ 12 ಅನ್ನುವುದು ವಿಂಡೋಸ್‌ನದು ಮಾತ್ರ. ಗೇಮ್ ಓಡದಿದ್ದರೆ ಸುಮ್ನೆ ದಿನ ಕಳೆಯಬೇಡಿ. ಕೊಂಡು 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದಾಗಲೇ ಸ್ಟೀಮ್‌ನಲ್ಲಿ ರೀಫಂಡ್ ಕೇಳಿ.