ಲರಾಜಿಯ ‘ಡೇ ಆಫ್ ರೇಡಿಯನ್ಸ್’: ಕಾರವಾರದ ಹವೆಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಎಲ್‌ಪಿ

ನ್ಯೂಯಾರ್ಕಿನ ವಾಷಿಂಗ್ಟನ್ ಸ್ಕ್ವೇರ್ ಪಾರ್ಕಿನಲ್ಲಿ ಕೂತು ನುಡಿಸುತ್ತಿದ್ದ ಅಮೆರಿಕದ ವಾದಕ ಲರಾಜಿಯನ್ನು ಬ್ರಿಟಿಷ್ ಸಂಗೀತಗಾರ, ನಿರ್ಮಾಪಕ ಬ್ರಯಾನ್ ಈನೋ ಕೇಳಿ, ಚೀಟಿ ಬಿಟ್ಟು ಹೋದರು. ಅದರಿಂದ ಹುಟ್ಟಿದ್ದು ಈ ಆಲ್ಬಂ. 1980ರಲ್ಲಿ ಈನೋ ಅವರ ಆಂಬಿಯೆಂಟ್ (ಹಿನ್ನೆಲೆಯಲ್ಲಿ ಆವರಿಸಿಕೊಳ್ಳುವ ಸಂಗೀತ) ಸರಣಿಯ ಮೂರನೆಯದಾಗಿ ಬಂತು. ನನ್ನ ಎಲ್‌ಪಿ, ಅಂದರೆ ವಿನೈಲ್ ತಟ್ಟೆ, ಹಳೆ ಸಾಮಾನಿನ ಅಂಗಡಿಯದು. ಕಾರವಾರದಲ್ಲಿ ಹಲವು ಮಳೆಗಾಲ ದಾಟಿ ಇವತ್ತಿಗೂ ಚೆನ್ನಾಗಿ ನುಡಿಯುತ್ತದೆ.

ಲರಾಜಿ ನುಡಿಸುವ ಆಟೋಹಾರ್ಪ್ ಎಂಬ ವಾದ್ಯಕ್ಕೆ ಸಾಮಾನ್ಯವಾಗಿ 36 ತಂತಿ. ಮೇಲೆ ಫೆಲ್ಟ್ ಅಂಟಿಸಿದ ಪಟ್ಟಿಗಳಿರುತ್ತವೆ. ಒಂದನ್ನು ಒತ್ತಿದರೆ ಆ ಕಾರ್ಡಿಗೆ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪಿಗೆ) ಬೇಡದ ತಂತಿಗಳೆಲ್ಲ ಮೂಕವಾಗುತ್ತವೆ. ಲರಾಜಿ ಆ ಪಟ್ಟಿಗಳನ್ನೇ ತೆಗೆದುಹಾಕಿ, ತಂತಿಗಳನ್ನು ತಮಗೆ ಬೇಕಾದ ಶ್ರುತಿಗೆ ಕಟ್ಟಿ, ನಾದವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಜೋಡಿಸಿಕೊಂಡರು. ಹಾಗಾಗಿ ನಾದ ನಮ್ಮ ಸ್ವರಮಂಡಲಕ್ಕೆ ಹತ್ತಿರ. ಶಿರಸಿ, ಯಲ್ಲಾಪುರದ ಹಿಂದೂಸ್ತಾನಿ ಬೈಠಕ್ ಕೇಳಿ ಬೆಳೆದ ಕಿವಿಗೆ ಇದು ಹೊಸದೆನಿಸದು. ಅಲ್ಲಿ ಸ್ವರಮಂಡಲ ಗಾಯಕರ ಹಿಂದೆ ನಿಲ್ಲುತ್ತದೆ, ಇಲ್ಲಿ ತಂತಿಯೇ ಎಲ್ಲ.

ಈ ಆಲ್ಬಂ ‘ರಿಲ್ಯಾಕ್ಸಿಂಗ್’ ಎಂದು ಯಾರಾದರೂ ಅಂದದ್ದನ್ನು ನಂಬಿ ರಾತ್ರಿ ಮೊದಲ ಬದಿ ಹಾಕಬೇಡಿ. ‘ದಿ ಡಾನ್ಸ್’ನ ಮೂರೂ ಭಾಗಗಳು ತಂತಿಯ ಮೇಲೆ ಕೋಲು ಬಡಿದು ನುಡಿಸಿದ, ಬಿಡುವಿಲ್ಲದ ವೇಗದ ಲಯ. ಮನಸ್ಸು ಇಳಿಯುವುದು ಎರಡನೆಯ ಬದಿಯ ‘ಮೆಡಿಟೇಶನ್’ನಲ್ಲಿ. ಒಮ್ಮೆ ಮೀಟಿದ ತಂತಿಗಳ ಗುಂಗು ಪೂರ್ತಿ ಕರಗುವವರೆಗೂ ಅವಸರವಿಲ್ಲ. ನನ್ನ ಮಟ್ಟಿಗೆ ಇಡೀ ರೆಕಾರ್ಡಿನ ಬೆಲೆ ಈ ಬದಿಯದೇ.

ಆದರೆ ಹಾಳಾದರೆ ಮೊದಲು ಕೇಳಿಸುವುದೂ ಈ ಬದಿಯಲ್ಲೇ. ಮೊದಲ ಬದಿಯ ಬಡಿತದಲ್ಲಿ ಮುಚ್ಚಿಹೋಗುವ ಚಟಪಟ ಇಲ್ಲಿ ಎದ್ದು ಕೇಳುತ್ತದೆ. ಕರಾವಳಿಯಲ್ಲಿ ಅದಕ್ಕೆ ಮುಖ್ಯ ಕಾರಣ ಬೂಷ್ಟು. ನಾಲ್ಕು ಪಾಲು ಡಿಸ್ಟಿಲ್ಡ್ ವಾಟರ್, ಒಂದು ಪಾಲು ಐಸೊಪ್ರೊಪೈಲ್ ಆಲ್ಕೊಹಾಲ್, ಲೀಟರಿಗೆ ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ, ಮೈಕ್ರೋಫೈಬರ್ ಬಟ್ಟೆಯಿಂದ ಗ್ರೂವ್ (ಸೂಜಿ ಓಡುವ ಸಣ್ಣ ಕಾಲುವೆ) ಸುತ್ತಿದ ದಿಕ್ಕಿನಲ್ಲೇ ಒರೆಸಿ. ಲೇಬಲ್ ಒದ್ದೆಯಾಗಬಾರದು. ಆಮೇಲೆ ಬರೀ ಡಿಸ್ಟಿಲ್ಡ್ ವಾಟರಿನಲ್ಲಿ ಇನ್ನೊಮ್ಮೆ ಒರೆಸಿ, ನೆಟ್ಟಗೆ ನಿಲ್ಲಿಸಿ ಫ್ಯಾನಿನ ಗಾಳಿಗೆ ಒಣಗಿಸಿ. ಬಿಸಿಲಿಗಿಟ್ಟರೆ ಡಿಸ್ಕ್ ಡೊಂಕಾಗುತ್ತದೆ. ಬಾವಿ ನೀರು ಬೇಡ, ಒಣಗಿದ ಮೇಲೆ ಅದರ ಲವಣ ಗ್ರೂವಿನಲ್ಲೇ ಕೂರುತ್ತದೆ. ಮನೆಯಲ್ಲಿ ಅಜ್ಜನ ಕಾಲದ 78 ಆರ್‌ಪಿಎಂ ತಟ್ಟೆಗಳಿದ್ದರೆ ಈ ಮಿಶ್ರಣ ಅವುಗಳ ಹತ್ತಿರ ಒಯ್ಯಲೇಬೇಡಿ, ಅವು ಅರಗಿನವು, ಆಲ್ಕೊಹಾಲಿಗೆ ಅರಗು ಕರಗುತ್ತದೆ.

ಎರಡನೆಯ ತೊಂದರೆ ವೇಗದ್ದು. ಉದ್ದಕ್ಕೆ ಎಳೆದ ತಂತಿಯ ನಾದದಲ್ಲಿ ಸಣ್ಣ ಅಲುಗಾಟವೂ ಬಚ್ಚಿಡಲಾಗದು. ಶ್ರುತಿ 1.8 ಸೆಕೆಂಡಿಗೊಮ್ಮೆ ತೂಗಿದಂತಿದ್ದರೆ ದೋಷ ಡಿಸ್ಕಿನದು: ನಡುವಿನ ತೂತು ಮಧ್ಯಕ್ಕಿಲ್ಲ, ಇಲ್ಲವೇ ಡಿಸ್ಕ್ ಡೊಂಕಾಗಿದೆ. ನಿಮಿಷಕ್ಕೆ 33⅓ ಸುತ್ತಿನ ವೇಗದಲ್ಲಿ ಒಂದು ಸುತ್ತಿಗೆ ಹಿಡಿಯುವ ಹೊತ್ತು ಅಷ್ಟೇ. ಶ್ರುತಿ ಇಡಿಯಾಗಿ ಇಳಿದಿದ್ದರೆ ಪ್ಲೇಯರಿನ ಬೆಲ್ಟ್ ಸಡಿಲಾಗಿರಬಹುದು. ವೇಗ ಅಳೆಯುವ 180 ಗೆರೆಯ ಸ್ಟ್ರೋಬ್ ಹಾಳೆಯನ್ನು ಪ್ಲೇಯರಿನ ಮೇಲಿಟ್ಟು ಹಳೆ ಚೋಕಿನ ಟ್ಯೂಬ್‌ಲೈಟ್ ಕೆಳಗೆ ತಿರುಗಿಸಿ ನೋಡಿ. ಗೆರೆಗಳು ನಿಂತಂತೆ ಕಂಡರೆ ವೇಗ ಸರಿ. ಎಷ್ಟೋ ಎಲ್ಇಡಿ ಬಲ್ಬುಗಳಲ್ಲಿ ಇದು ಕಾಣುವುದಿಲ್ಲ.

ಸೂಜಿಯ ಭಾರ ಕಾರ್ಟ್ರಿಜ್ (ಸೂಜಿ ಕೂರುವ ಚಿಕ್ಕ ಡಬ್ಬಿ) ಕಂಪನಿ ಹೇಳಿದ ಮಿತಿಯ ನಡುವಿಗಿಂತ ತುಸು ಮೇಲಿರಲಿ. ಹಗುರವಾದರೆ ಮೊದಲ ಬದಿಯ ಬಡಿತಕ್ಕೆ ಸೂಜಿ ಹಿಡಿತ ತಪ್ಪಿ ನಾದ ಒಡೆಯುತ್ತದೆ. ಒಂದು ಸ್ಪೀಕರ್ ಆಗಾಗ ಮಾಯವಾಗುತ್ತಿದ್ದರೆ ಕಾರ್ಟ್ರಿಜ್ ಹಿಂದಿನ ನಾಲ್ಕು ಪಿನ್‌ಗಳನ್ನು ಒಂದೊಂದಾಗಿ ಬಿಚ್ಚಿ ಒರೆಸಿ ಕೂರಿಸಿ. ಉಪ್ಪುಗಾಳಿಯ ಕಿಲುಬು ಅದು.

ಒಳಕವರ್ ಕಾಗದದ್ದಿದ್ದರೆ ತೇವ ಹೀರಿಕೊಳ್ಳುತ್ತದೆ, ಪಾಲಿಥಿನ್ನಿನದು ಹಾಕಿ. ಪಿವಿಸಿ ಬೇಡ, ಡಿಸ್ಕಿನ ಮೇಲೆ ಮಂಜು ಕವಿದಂತೆ ಕಲೆ ಬಿಡುತ್ತದೆ. ಗೋಡೆಗೆ ತಾಗದಂತೆ ನೆಟ್ಟಗೆ ಇಡಿ.

ಕೊಳ್ಳುವಾಗ ಎರಡನೆಯ ಬದಿಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಕೂದಲೆಳೆಯಂಥ ಗೆರೆಗಳಿದ್ದರೆ ಪರವಾಗಿಲ್ಲ, ತೊಳೆದರೆ ತೆಗೆಯಬಹುದಾದ ಬೂಷ್ಟೂ ಪರವಾಗಿಲ್ಲ. ಉಗುರಿಗೆ ತಡೆಯುವ ಗೀರಿದ್ದರೆ, ಮೊದಲ ಬದಿ ಎಷ್ಟೇ ಹೊಳೆಯುತ್ತಿರಲಿ, ವಾಪಸ್ ಇಟ್ಟುಬಿಡಿ.