ಡಿಸ್ಚಾರ್ಜ್ ಸಮ್ಮರಿಯಲ್ಲಿ ಔಷಧದ ಹೆಸರಿದೆಯೇ ಎಂದು ಮೊದಲು ನೋಡಿ

ಮುಖದ ನರದ ನೋವಿಗೆಂದು ನಮ್ಮ ತಾಯಿಯವರಿಗೆ ಕಾರ್ಬಮಾಜೆಪಿನ್ ಮಾತ್ರೆ ಆರಂಭಿಸಿದ ಕೆಲವೇ ವಾರಗಳಲ್ಲಿ ಜ್ವರ, ಕಣ್ಣುರಿ, ಎದೆಯ ಮೇಲೆ ಕೆಂಪು ದದ್ದು ಕಾಣಿಸಿಕೊಂಡವು. ಮಾತ್ರೆ ಬರೆದುಕೊಟ್ಟ ನರ್ಸಿಂಗ್ ಹೋಮಿನಲ್ಲಿ ಅದನ್ನು ಬೇಸಿಗೆಯ ಉಷ್ಣವೆಂದು ಹೇಳಿ, ಅಲರ್ಜಿಗೆ ಇನ್ನೊಂದು ಮಾತ್ರೆ ಸೇರಿಸಿ, ಮೊದಲಿನದನ್ನೂ ಮುಂದುವರಿಸಲು ಸೂಚಿಸಿದರು. ಬಾಯೊಳಗೆಲ್ಲ ಹುಣ್ಣಾಗಿ ಗುಟುಕು ನೀರನ್ನೂ ನುಂಗಲಾಗದೆ, ರವಿಕೆಯ ಅಂಚು ತಾಗಿದಲ್ಲೆಲ್ಲ ಬೆನ್ನಿನ ಚರ್ಮ ಸುಲಿಯತೊಡಗಿದಾಗ ದೊಡ್ಡ ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿನ ಚರ್ಮವೈದ್ಯರು ನೋಡಿದೊಡನೆಯೇ ಮಾತ್ರೆ ನಿಲ್ಲಿಸಿ, ಇದು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್, ಅಂದರೆ ಹೆಚ್ಚಾಗಿ ಔಷಧದಿಂದ ಬರುವ, ಚರ್ಮ ಸುಲಿದು ಪ್ರಾಣಕ್ಕೇ ಅಪಾಯ ತರಬಲ್ಲ ಪ್ರತಿಕ್ರಿಯೆ ಎಂದರು.

ತಾಯಿಯವರು ಬದುಕುಳಿದರು. ನಾನು ಇದನ್ನು ಬರೆಯುತ್ತಿರುವುದು ಆನಂತರ ನಡೆದುದಕ್ಕಾಗಿ. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಡ್ರಗ್ ರಿಯಾಕ್ಷನ್’ ಎಂದಷ್ಟೇ ಇತ್ತು. ಯಾವ ಔಷಧದಿಂದ ಎಂಬುದನ್ನು ಎಲ್ಲಿಯೂ ಬರೆದಿರಲಿಲ್ಲ. ಮೆಡಿಕಲ್ ಶಾಪಿನವರು ಸ್ಟ್ರಿಪ್ಪಿನಿಂದ ಕತ್ತರಿಸಿ ಕೊಟ್ಟ ತುಂಡಿನಲ್ಲಿ ಬ್ಯಾಚ್ ಸಂಖ್ಯೆ ಇರಲಿಲ್ಲ, ಬಿಲ್ಲನ್ನೂ ಕೊಟ್ಟಿರಲಿಲ್ಲ. ಇದನ್ನು ವರದಿ ಮಾಡಿದ್ದೀರಾ ಎಂದು ನರ್ಸಿಂಗ್ ಹೋಮಿನ ವೈದ್ಯರನ್ನು ಕೇಳಿದರೆ, “ವಾಸಿಯಾಯಿತಲ್ಲಮ್ಮ, ಈಗ ಅದೆಲ್ಲ ಯಾಕೆ?” ಎಂದರು. ಮುಂದೆ ನೋವು ಮರುಕಳಿಸಿದಾಗ ಮತ್ತೊಂದು ಕ್ಲಿನಿಕ್ಕಿನಲ್ಲಿ, ಬೇರೆ ಕಂಪನಿಯ ಹೆಸರಿನಲ್ಲಿ, ಅದೇ ಕಾರ್ಬಮಾಜೆಪಿನ್ ಬರೆದುಕೊಟ್ಟರು! ಸ್ಟ್ರಿಪ್ಪಿನ ಹಿಂಬದಿಯ ಸಣ್ಣಕ್ಷರಗಳನ್ನು ಓದಿದ್ದರಿಂದ ಮಾತ್ರ ಅದು ಅವರ ಬಾಯಿಗೆ ಹೋಗುವುದು ತಪ್ಪಿತು.

ಇಂಥ ವರದಿಗಳಿಗಾಗಿಯೇ ದೇಶದಲ್ಲಿ 2010ರಿಂದ ಫಾರ್ಮಕೋವಿಜಿಲೆನ್ಸ್, ಅಂದರೆ ಔಷಧಗಳ ಅಡ್ಡಪರಿಣಾಮಗಳ ಮೇಲೆ ಕಣ್ಣಿಡುವ, ಕಾರ್ಯಕ್ರಮವಿದೆ. ಔಷಧಗಳ ಗುಣಮಟ್ಟವನ್ನು ಗೊತ್ತುಪಡಿಸುವ ಸರ್ಕಾರಿ ಸಂಸ್ಥೆಯಾದ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದನ್ನು ನಡೆಸುತ್ತದೆ. ಅನೇಕ ವೈದ್ಯಕೀಯ ಕಾಲೇಜುಗಳಲ್ಲಿ ಅದರ ಕೇಂದ್ರಗಳಿವೆ. ಮುಟ್ಟಿನ ನೋವಿಗೆ ಮನೆಮನೆಯಲ್ಲೂ ನುಂಗುವ ಮೆಫೆನಾಮಿಕ್ ಆಮ್ಲದಿಂದ ದದ್ದು, ಜ್ವರದ ಜೊತೆಗೆ ಒಳಾಂಗಗಳಿಗೂ ಹಾನಿ ಮಾಡಬಲ್ಲ ‘ಡ್ರೆಸ್’ ಎಂಬ ತೀವ್ರ ಪ್ರತಿಕ್ರಿಯೆ ಉಂಟಾಗಬಹುದೆಂದು 2023ರ ಕೊನೆಯಲ್ಲಿ ಆ ಕಮಿಷನ್ ಎಚ್ಚರಿಸಿದ್ದು, ಹೀಗೆ ಬಂದ ವರದಿಗಳನ್ನು ಪರಿಶೀಲಿಸಿಯೇ. ವರದಿ ಕೊಟ್ಟರೆ ತಪ್ಪೊಪ್ಪಿಕೊಂಡಂತಾಗುತ್ತದೆ ಎಂದು ಕೆಲವು ವೈದ್ಯರು ಹಿಂಜರಿಯುತ್ತಾರೆ; ವರದಿ ತಪ್ಪೊಪ್ಪಿಗೆಯಲ್ಲ ಎಂಬುದನ್ನು ವರದಿಗೆಂದು ತುಂಬುವ ನಮೂನೆಯೇ ಸ್ಪಷ್ಟಪಡಿಸುತ್ತದೆ. ಔಷಧವೇ ಕಾರಣವೆಂದು ಸಾಬೀತುಪಡಿಸಬೇಕಾದ ಅಗತ್ಯವೂ ಇಲ್ಲ, ಅನುಮಾನವಿದ್ದರೆ ಸಾಕು. ವೈದ್ಯರು ಮಾಡದಿದ್ದರೆ ರೋಗಿಯೋ ಮನೆಯವರೋ ಕನ್ನಡದ ನಮೂನೆ ತುಂಬಬಹುದು, ಇಲ್ಲವೇ 1800-180-3024 ಎಂಬ ಉಚಿತ ಸಂಖ್ಯೆಗೆ ಕರೆ ಮಾಡಬಹುದು. ನಾವು ಕೊನೆಗೆ ಹಾಗೆಯೇ ವರದಿ ಕೊಟ್ಟೆವು. ಬ್ಯಾಚ್ ಸಂಖ್ಯೆಯ ಜಾಗ ಮಾತ್ರ ಖಾಲಿಯೇ ಉಳಿಯಿತು.

ಹೊಸ ಮಾತ್ರೆ ಆರಂಭಿಸಿದ ಮೇಲೆ ದದ್ದಿನೊಂದಿಗೆ ಜ್ವರವೋ ಬಾಯಿಹುಣ್ಣೋ ಕಂಡರೆ ಮರುದಿನಕ್ಕೆ ಕಾಯದೆ ಆಸ್ಪತ್ರೆಗೆ ಹೋಗಿ; ಸ್ಟ್ರಿಪ್ಪನ್ನೂ ಬಿಲ್ಲನ್ನೂ ಜೊತೆಗೆ ಒಯ್ಯಿರಿ. ಬಿಡುಗಡೆಯ ದಿನ, ಕಂಪನಿಯ ಹೆಸರಲ್ಲದೆ ಔಷಧದ ಮೂಲ ಹೆಸರನ್ನೂ ಸಮ್ಮರಿಯಲ್ಲಿ ಬರೆಸಿಕೊಳ್ಳದೆ ಹೊರಡಬೇಡಿ. ಅದೇ ಗುಂಪಿನ ಬೇರೆ ಯಾವ ಔಷಧಗಳನ್ನು ದೂರವಿಡಬೇಕೆಂದೂ ಕೇಳಿ ಬರೆಸಿಕೊಳ್ಳಿ. ಕಾರ್ಬಮಾಜೆಪಿನ್ ಒಗ್ಗದವರಿಗೆ ಫೆನಿಟಾಯಿನ್, ಆಕ್ಸ್‌ಕಾರ್ಬಜೆಪಿನ್‌ಗಳೂ ಅಪಾಯ ತರಬಹುದು.